ಕೇಳಿದ್ದು ಸಿಗದೆ ಹೋದ ಮೇಲೆ ನಂಬಿಕೆಯಲ್ಲಿ ಉಳಿಯುವುದು ಹೇಗೆ?

ನಸುಕು (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ಕ್ರಿಸ್ತನ ಹೆಸರಿನಲ್ಲಿ ವಂದನೆಗಳು. 14 ತಿಂಗಳು ಹಾಸಿಗೆ ಹಿಡಿದಿದ್ದ ನನ್ನ ತಮ್ಮ ಎರಡು ತಿಂಗಳ ಹಿಂದೆ ತೀರಿಕೊಂಡ. ಅಷ್ಟೂ ಕಾಲ ನಮ್ಮ ಮನೆಯವರು, ಚರ್ಚಿನ ಸಭೆಯವರು, ನಾವು ಮುಖವನ್ನೇ ನೋಡಿರದ ಎಷ್ಟೋ ವಿಶ್ವಾಸಿಗಳು ಅವನಿಗಾಗಿ ಪ್ರಾರ್ಥಿಸಿದರು, ಉಪವಾಸವಿದ್ದರು. ಅವನು ಏಳುತ್ತಾನೆ ಎಂಬ ವಿಷಯದಲ್ಲಿ ನನಗೆ ಸಂಶಯವೇ ಇರಲಿಲ್ಲ. ಅವನು ಗುಣವಾದ ಮೇಲೆ ಸಭೆಯ ಮುಂದೆ ನಿಂತು ಹೇಳಬೇಕಾದ ಸಾಕ್ಷಿಯ ಮಾತುಗಳನ್ನು ಕೊನೆಯ ವಾರದಲ್ಲಿಯೂ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

ಸಮಾಧಿಯಾದ ಮೂರನೆಯ ದಿನ ಹಿರಿಯರೊಬ್ಬರು ಮನೆಗೆ ಬಂದು, ಮನೆಯಲ್ಲಿ ಯಾರೋ ಒಬ್ಬರ ಮನಸ್ಸಿನಲ್ಲಿ ಅಪನಂಬಿಕೆ ಇದ್ದಿರಬೇಕು, ಅದರಿಂದಲೇ ಪ್ರಾರ್ಥನೆಗೆ ತಡೆಯಾಯಿತು ಎಂದರು. ಅಂದಿನಿಂದ ಅಮ್ಮ ಆ ಮಾತನ್ನು ತಮ್ಮ ಮೇಲೆಯೇ ಹಾಕಿಕೊಂಡಿದ್ದಾರೆ. ನಾನು ಭಾನುವಾರ ಆರಾಧನೆಗೆ ಹೋಗುತ್ತೇನೆ. ಎಲ್ಲರೂ ಎದ್ದಾಗ ಏಳುತ್ತೇನೆ, ಕುಳಿತಾಗ ಕೂರುತ್ತೇನೆ. ಹಾಡಲು ಮಾತ್ರ ಬಾಯಿ ಬರುವುದಿಲ್ಲ. ಮೊಣಕಾಲೂರಿದರೆ "ಕರ್ತನೇ" ಎಂಬ ಒಂದು ಪದದಿಂದ ಮುಂದಕ್ಕೆ ಹೋಗಲಾಗುತ್ತಿಲ್ಲ. ನಂಬಿಕೆಯನ್ನು ಬಿಟ್ಟುಬಿಡುವ ಮನಸ್ಸು ನನಗಿಲ್ಲ. ಆದರೆ ಹಿಡಿದುಕೊಳ್ಳುವುದು ಎಂದರೆ ಏನು ಮಾಡುವುದು ಎಂಬುದೇ ಈಗ ತಿಳಿಯುತ್ತಿಲ್ಲ. ಈ ದಾರಿಯಲ್ಲಿ ನಡೆದವರು ಇದ್ದರೆ ದಯವಿಟ್ಟು ಬರೆಯಿರಿ.

ದಡದ ಕಲ್ಲು:

ಸಹೋದರಿ, ನಿಮ್ಮ ದುಃಖದಲ್ಲಿ ನಾನೂ ಭಾಗಿ. ಬೈಬಲಿನಲ್ಲಿ, ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಅವನನ್ನು ನೋಡಲು ಬಂದಾಗ ಏಳು ದಿನ, ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆಯಲ್ಲಿ ನೆಲದ ಮೇಲೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ವಿವರಿಸಲು ಹೊರಟ ಮೇಲೆ ಅವರು ಯೋಬನಿಗೂ ನೆರವಾಗಲಿಲ್ಲ, ದೇವರ ವಿಷಯದಲ್ಲಿಯೂ ಸರಿಯಾಗಿ ಮಾತನಾಡಲಿಲ್ಲ; ಕೊನೆಯ ಅಧ್ಯಾಯದಲ್ಲಿ ದೇವರೇ ಅವರಿಗೆ ಹಾಗೆಂದು ಹೇಳುತ್ತಾನೆ. ಅವರಿಗಾಗಿ ಪ್ರಾರ್ಥಿಸಬೇಕಾಗಿ ಬಂದದ್ದು, ಅಷ್ಟು ಹೊತ್ತೂ ದೂರಿಕೊಂಡಿದ್ದ ಅದೇ ಯೋಬನು. ನಿಮ್ಮ ಮನೆಗೆ ಬಂದ ಹಿರಿಯರ ಮಾತನ್ನು ಆ ಸ್ನೇಹಿತರ ಮಾತುಗಳ ಪಕ್ಕದಲ್ಲಿ ಇಟ್ಟು ನೋಡಿ ಎಂದು ಅಮ್ಮನವರಿಗೆ ಹೇಳಿ. ಸದ್ಯಕ್ಕೆ ನನಗೆ ತೋಚುವುದು ಇಷ್ಟು.

ಸ್ಥಿರಹೆಜ್ಜೆ:

ಸಹೋದರಿಯವರ ನೋವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ, ಆದರೂ ಒಂದು ಎಚ್ಚರಿಕೆಯನ್ನು ಹೇಳಲೇಬೇಕು ಎನಿಸುತ್ತದೆ. ನಂಬಿಕೆಯಿಂದ ಮಾಡಿದ ಪ್ರಾರ್ಥನೆ ರೋಗಿಯನ್ನು ರಕ್ಷಿಸುತ್ತದೆ ಎಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಅನುಭವ ದೇವರ ವಾಕ್ಯವಾದ ಬೈಬಲಿಗೆ ಹೊಂದುತ್ತಿಲ್ಲ ಎಂದು ವಾಕ್ಯವನ್ನೇ ತೆಳುಮಾಡಿದರೆ, ನಾಳೆ ಇನ್ನೊಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತಾಗ ನಾವು ಏನನ್ನು ನಂಬಿ ಪ್ರಾರ್ಥಿಸುವುದು? ಏನನ್ನೂ ನಿರೀಕ್ಷಿಸದ ಪ್ರಾರ್ಥನೆ ಬರಿಯ ಅಭ್ಯಾಸವಾಗಿ ಉಳಿಯುತ್ತದೆ. ನಾನು ಸ್ವತಃ ಪ್ರಾರ್ಥನೆಯಿಂದ ಗುಣವಾದವನು, ಅದನ್ನು ಮುಚ್ಚಿಡಲಾರೆ. ಕಷ್ಟ ಬಂದಾಗ ದೇವರ ವಾಗ್ದಾನಗಳನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು ಎಂಬುದು ನನ್ನ ನಂಬಿಕೆ.

ವಾಕ್ಯದ ವಿದ್ಯಾರ್ಥಿ:

ಸ್ಥಿರಹೆಜ್ಜೆ ಸಹೋದರರೇ, ನೀವು ಗುಣವಾದದ್ದಕ್ಕಾಗಿ ದೇವರಿಗೆ ಸ್ತೋತ್ರ. ನಿಮ್ಮ ಸಾಕ್ಷಿಯನ್ನು ನೀವು ಮುಚ್ಚಿಡಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ಆ ಸಾಕ್ಷಿ ನಿಮ್ಮ ನಂಬಿಕೆಯ ಅಳತೆಗೆ ಸಿಕ್ಕ ಕೂಲಿ ಎಂದು ಅರ್ಥ ಮಾಡಿದ ಕೂಡಲೆ, ಗುಣವಾಗದೆ ಹೋದವನ ಮನೆಯವರ ಮೇಲೆ ಒಂದು ತೀರ್ಪು ಬೀಳುತ್ತದೆ. ಆ ತೀರ್ಪಿಗೆ ವಾಕ್ಯದಲ್ಲಿ ಆಧಾರವಿದೆಯೇ ಎಂದು ನಾನು ಬಹಳ ಕಾಲ ಹುಡುಕಿದ್ದೇನೆ. ನನಗೆ ಕಂಡದ್ದು ಅದಕ್ಕೆ ವಿರುದ್ಧವಾದದ್ದು.

ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಅಧ್ಯಾಯದ ಆರಂಭದಲ್ಲಿಯೇ ಅರಸನಾದ ಹೆರೋದನು ಯೋಹಾನನ ಅಣ್ಣನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಮುಂದಿನ ಮಾತಿನಲ್ಲಿ ಪೇತ್ರನನ್ನು ಹಿಡಿಸಿ ಸೆರೆಯಲ್ಲಿ ಹಾಕುತ್ತಾನೆ; ಪೇತ್ರನನ್ನು ದೇವದೂತನು ಬಂದು ಬಿಡಿಸುತ್ತಾನೆ. ಇಬ್ಬರೂ ಯೇಸುವಿಗೆ ಅತ್ಯಂತ ಹತ್ತಿರದಲ್ಲಿದ್ದ ಶಿಷ್ಯರು. ಯಾಕೋಬನ ನಂಬಿಕೆ ಪೇತ್ರನದಕ್ಕಿಂತ ಕಡಿಮೆಯಿತ್ತು ಎಂದು ಆ ಪುಸ್ತಕವನ್ನು ಬರೆದ ಲೂಕನು ಒಂದು ಅಕ್ಷರವನ್ನೂ ಬರೆದಿಲ್ಲ. ಇನ್ನೂ ಗಮನಿಸಬೇಕಾದದ್ದು ಆಮೇಲಿನ ಭಾಗ. ಬಿಡುಗಡೆಯಾದ ಪೇತ್ರನು ಬಂದು ಬಾಗಿಲು ತಟ್ಟಿದಾಗ, ಒಳಗೆ ಅವನಿಗಾಗಿಯೇ ಪ್ರಾರ್ಥಿಸುತ್ತಿದ್ದವರು, ಸುದ್ದಿ ತಂದ ರೋದೆ ಎಂಬ ಹುಡುಗಿಗೆ ಹುಚ್ಚು ಹಿಡಿದಿದೆ ಎನ್ನುತ್ತಾರೆ. ತಮ್ಮ ಪ್ರಾರ್ಥನೆ ಈಡೇರಿ ಹೊಸ್ತಿಲಿನಾಚೆ ನಿಂತಿದ್ದರೂ ಅವರು ನಂಬಲಿಲ್ಲ. ಆದರೂ ಪೇತ್ರನು ಬಿಡುಗಡೆಯಾಗಿದ್ದ. ಉತ್ತರ ಸಿಕ್ಕವರಲ್ಲಿ ಅಪನಂಬಿಕೆ ಇರಬಹುದಾದರೆ, ಉತ್ತರ ಸಿಗದವರಲ್ಲಿ ಅಪನಂಬಿಕೆ ಇದ್ದೇ ಇರಬೇಕು ಎಂಬ ವಾದ ಅಲ್ಲಿಗೇ ಕುಸಿಯುತ್ತದೆ.

ಅಪೊಸ್ತಲನಾದ ಪೌಲನ ವಿಷಯವೂ ಹಾಗೆಯೇ. ಅವನ ಕೈಯಿಂದ ಎಷ್ಟೋ ರೋಗಿಗಳು ಗುಣವಾದರು. ಅದೇ ಪೌಲನು ತನ್ನ ಜೊತೆಯವನಾದ ತ್ರೊಫಿಮನನ್ನು ಅಸ್ವಸ್ಥನಾಗಿದ್ದಾಗಲೇ ಮಿಲೇತದಲ್ಲಿ ಬಿಟ್ಟುಬರಬೇಕಾಯಿತು ಎಂದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಯಾವ ವಿವರಣೆಯೂ ಇಲ್ಲದೆ ಹೇಳಿಬಿಡುತ್ತಾನೆ. ತನ್ನ ಶರೀರವನ್ನು ಕಾಡುತ್ತಿದ್ದ ಶೂಲ ತೊಲಗಲಿ ಎಂದು ಮೂರು ಸಾರಿ ಬೇಡಿಕೊಂಡಾಗ ಅವನಿಗೆ ಸಿಕ್ಕದ್ದು ಕೃಪೆಯ ಮಾತು, ಶೂಲ ಹೋಗಲಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಸಿಂಹಗಳ ಬಾಯಿ ಕಟ್ಟಿದವರ ಪಕ್ಕದಲ್ಲಿಯೇ, ಕಲ್ಲೆಸೆತಕ್ಕೂ ಗರಗಸಕ್ಕೂ ಸಿಕ್ಕಿ ಸತ್ತವರು ಒಂದೇ ಪಟ್ಟಿಯಲ್ಲಿದ್ದಾರೆ. ಇವರೆಲ್ಲರೂ ನಂಬಿಕೆಯ ಮೂಲಕ ಒಳ್ಳೆಯ ಸಾಕ್ಷಿ ಪಡೆದವರು ಎಂದು ಕೊನೆಯಲ್ಲಿ ಹೇಳಿದೆ. ಮತ್ತು ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಮೂರು ಸಾರಿ ಪ್ರಾರ್ಥಿಸಿದ ಯೇಸುವಿನ ಪಾತ್ರೆಯೂ ತೊಲಗಲಿಲ್ಲ. ಅಲ್ಲಿ ಕಡಿಮೆಯಾದದ್ದು ಯಾರ ನಂಬಿಕೆ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಇಲ್ಲ. ಹಾಗಿರುವಾಗ ಈ ತಾಯಿಯನ್ನು ಕುರಿತು ಆ ಪ್ರಶ್ನೆಯನ್ನು ಏಕೆ ಕೇಳಬೇಕು?

ಸ್ಥಿರಹೆಜ್ಜೆ:

ರೋದೆಯ ಪ್ರಸಂಗವನ್ನು ನಾನು ಆ ದೃಷ್ಟಿಯಿಂದ ಓದಿರಲಿಲ್ಲ. ಇದನ್ನು ಒಪ್ಪುತ್ತೇನೆ. ಆದರೂ ನನ್ನ ಪ್ರಶ್ನೆ ಪೂರ್ತಿಯಾಗಿ ಹೋಗಿಲ್ಲ: ಸಿಗಬಹುದು, ಸಿಗದಿರಬಹುದು ಎಂದಾದರೆ ಕೇಳುವುದು ಏತಕ್ಕೆ?

ಹಳೆಯ ಸಭಾಪಾಲಕ:

ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಸಭಾಪಾಲಕನಾಗಿದ್ದು ನಿವೃತ್ತನಾದವನು ನಾನು. ಮೊದಲು ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ. ಸೇವೆಯ ಮೊದಲ ವರ್ಷಗಳಲ್ಲಿ, ಮಗುವನ್ನು ಕಳೆದುಕೊಂಡ ದಂಪತಿಗಳ ಮುಂದೆ ಕುಳಿತು, ನಮ್ಮ ಶಕ್ತಿಗೆ ಮೀರಿದ್ದನ್ನು ದೇವರು ನಮಗೆ ಕೊಡುವುದಿಲ್ಲ ಎಂದು ನಾನು ಹೇಳಿದ್ದೆ. ಆ ತಂದೆ ನನ್ನನ್ನು ನೋಡಿದ ನೋಟ ಇಂದಿಗೂ ಕಣ್ಣಮುಂದಿದೆ. ಆಮೇಲೆ ಮನೆಗೆ ಹೋಗಿ ತೆರೆದು ನೋಡಿದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೆಯ ಅಧ್ಯಾಯದಲ್ಲಿರುವುದು ಶೋಧನೆಯ ಮಾತು, ಪಾಪಕ್ಕೆ ಎಳೆಯುವ ಸಂದರ್ಭದ ಮಾತು. ಮಗುವಿನ ಸಾವಿನ ಮಾತಲ್ಲ. ಶಕ್ತಿಗೆ ಮೀರಿದ ಭಾರದ ಬಗ್ಗೆ ಪೌಲನು ಹೇಳಿರುವುದು ಎರಡನೆಯ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿದೆ: ತಾವು ಬಲಕ್ಕೆ ಮೀರಿ ಕುಗ್ಗಿಹೋಗಿದ್ದೆವು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಅವನೇ ಬರೆಯುತ್ತಾನೆ. ನಾನು ಹೇಳಿದ್ದು ವಾಕ್ಯಕ್ಕೆ ತಲೆಕೆಳಗಾದ ಮಾತಾಗಿತ್ತು. ಆ ದಂಪತಿಗಳ ಬಳಿ ಮತ್ತೆ ಹೋಗಿ ಕ್ಷಮೆ ಕೇಳಿದೆ.

ಯೆರೆಮೀಯನ ಪ್ರವಾದನೆಯ 29ನೆಯ ಅಧ್ಯಾಯದ 11ನೆಯ ವಚನಕ್ಕೂ ಇದೇ ಗತಿಯಾಗಿದೆ. ಹಿತದ ಆಲೋಚನೆ, ನಿರೀಕ್ಷೆಯ ಭವಿಷ್ಯ ಎಂದು ಗೋಡೆಗೆ ತೂಗುಹಾಕುವ ನಾವು, ಅದಕ್ಕೆ ಮೊದಲಿನ 10ನೆಯ ವಚನದಲ್ಲಿರುವ ಸೆರೆವಾಸದ 70 ವರ್ಷಗಳನ್ನು ಬಿಟ್ಟುಬಿಡುತ್ತೇವೆ. ಆ ಮಾತು ಬಾಬೆಲಿಗೆ ಸೆರೆಹೋಗಿದ್ದವರಿಗೆ ಯೆರೆಮೀಯನು ಬರೆದ ಪತ್ರದಲ್ಲಿದೆ; ಅವರಲ್ಲಿ ಆ ಪತ್ರವನ್ನು ಓದಿಸಿ ಕೇಳಿದ ವಯಸ್ಸಾದವರು ತಮ್ಮ ಊರನ್ನು ಮತ್ತೆ ನೋಡುವವರಾಗಿರಲಿಲ್ಲ. ಅವರಿಗೆ ಸಿಕ್ಕ ಅಪ್ಪಣೆ ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು. ವಾಗ್ದಾನವನ್ನು ಬಿಗಿಯಾಗಿ ಹಿಡಿಯಿರಿ ಎಂದು ಸ್ಥಿರಹೆಜ್ಜೆ ಅವರು ಹೇಳಿದ್ದು ಸರಿಯೇ. ಆದರೆ ವಾಗ್ದಾನವನ್ನು ಅದರ ವರ್ಷಗಳ ಸಮೇತ ಹಿಡಿಯಬೇಕು.

ಈಗ ನಸುಕು ಅವರಿಗೆ. ನಿಮ್ಮ ಬಾಯಿಂದ "ಕರ್ತನೇ" ಎಂಬ ಒಂದೇ ಪದ ಬರುತ್ತಿದೆ ಎಂದಿರಿ. ಮಗಳೇ, ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 88ನೆಯದನ್ನು ತೆರೆಯಿರಿ. ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಮೊರೆಯಿಡುವ, ದೂರಿಕೊಳ್ಳುವ ಕೀರ್ತನೆಗಳು. ಅವುಗಳಲ್ಲಿ ಹೆಚ್ಚಿನವು ಕಣ್ಣೀರಿನಲ್ಲಿ ಆರಂಭವಾಗಿ ಕೊನೆಗೆ ಸ್ತುತಿಯ ಕಡೆಗೆ ಹೊರಳುತ್ತವೆ. 13ನೆಯ ಕೀರ್ತನೆಯಲ್ಲಿ ಎಷ್ಟರವರೆಗೆ ಎಂದು ನಾಲ್ಕು ಸಾರಿ ಕೇಳಿದವನು ಆರನೆಯ ವಚನಕ್ಕೆ ಬರುವಷ್ಟರಲ್ಲಿ ಹಾಡುತ್ತಿರುತ್ತಾನೆ. 88ನೆಯದು ಹಾಗೆ ಹೊರಳುವುದೇ ಇಲ್ಲ; ಅದರ ಕೊನೆಯ ಮಾತು ಕತ್ತಲೆಯ ಮಾತು. ಅಂಥದ್ದೊಂದು ಪ್ರಾರ್ಥನೆಯನ್ನು ಇಸ್ರಾಯೇಲ್ಯರು ಹರಿದು ಹಾಕಲಿಲ್ಲ, ದೇವಾಲಯದ ಹಾಡುಗಳ ನಡುವೆ ಸೇರಿಸಿಕೊಂಡರು. ಸಭೆಯೂ ಅದನ್ನು ಇಂದಿನವರೆಗೆ ದೇವರ ವಾಕ್ಯವೆಂದೇ ಓದುತ್ತಿದೆ. ಅದನ್ನು ಬರೆದವನಿಗೆ ಉಳಿದಿದ್ದದ್ದು ಒಂದೇ: ತನ್ನನ್ನು ರಕ್ಷಿಸುವ ದೇವರೇ ಎಂದು ಅವನು ಕರೆಯುವುದು. ದೂರು ಕೊಡುವುದಕ್ಕೂ ಅವನು ಬೇರೆ ಬಾಗಿಲಿಗೆ ಹೋಗಲಿಲ್ಲ. ನಿಮ್ಮ ಆ ಒಂದು ಪದ ಅದೇ ಬಾಗಿಲನ್ನು ತಟ್ಟುತ್ತಿದೆ. ನನ್ನ ತಿಳಿವಳಿಕೆಯಲ್ಲಿ ನಂಬಿಕೆಯನ್ನು ಹಿಡಿದುಕೊಳ್ಳುವುದು ಎಂದರೆ ಇದೇ. ಮನಸ್ಸಿನಲ್ಲಿ ಧೈರ್ಯ ತುಂಬಿರುವುದು ಇದಕ್ಕಿಂತ ಬೇರೆಯಾದ ವಿಷಯ. ಧೈರ್ಯ ಬಂದಾಗ ಬರಲಿ.

ಸ್ಥಿರಹೆಜ್ಜೆ ಅವರ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಅಕ್ಕತಂಗಿಯರಾದ ಮಾರ್ಥಳೂ ಮರಿಯಳೂ ಯೇಸುವಿನ ಬಳಿಗೆ ಬೇರೆಬೇರೆಯಾಗಿ ಬಂದು, ನೀನು ಇಲ್ಲಿ ಇದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ ಎಂದು ಒಂದೇ ಮಾತನ್ನು ಹೇಳಿದಾಗ, ಯೇಸು ಅವರಿಬ್ಬರನ್ನೂ ಗದರಿಸಲಿಲ್ಲ. ಸತ್ತಿದ್ದ ಅವರ ತಮ್ಮ ಲಾಜರನನ್ನು ಎಬ್ಬಿಸಲಿದ್ದೇನೆ ಎಂದು ತಿಳಿದಿದ್ದರೂ ಕಣ್ಣೀರು ಬಿಟ್ಟನು. ಕೇಳುವುದು ಏತಕ್ಕೆ ಎಂದರೆ, ಕೇಳಿದವರ ಜೊತೆ ನಿಂತು ಅಳುವವನು ಆತನು ಎಂಬ ಕಾರಣಕ್ಕೆ ನಾನು ಕೇಳುತ್ತೇನೆ.

ಜಪಸರ:

ನಾನು ಕಥೋಲಿಕ ಸಭೆಯವಳು. ಹಳೆಯ ಸಭಾಪಾಲಕರ ಮಾತಿಗೆ ಒಂದು ಜೀವನವನ್ನು ಸೇರಿಸಲು ಬಯಸುತ್ತೇನೆ. ಮದರ್ ತೆರೇಸಾ ಅವರು ತೀರಿಕೊಂಡದ್ದು 1997ರಲ್ಲಿ. ತಮ್ಮ ಗುರುಗಳಿಗೆ ಅವರು ಗುಟ್ಟಾಗಿ ಬರೆದಿದ್ದ ಪತ್ರಗಳು ಹತ್ತು ವರ್ಷಗಳ ನಂತರ, 2007ರಲ್ಲಿ ಪ್ರಕಟವಾದಾಗ ಬಹಳ ಮಂದಿಗೆ ಆಘಾತವಾಯಿತು, ಏಕೆಂದರೆ ಬಡವರ ನಡುವಿನ ಆ ಸೇವೆಯ ದಶಕಗಳುದ್ದಕ್ಕೂ ಅವರ ಒಳಗೆ ದೇವರ ಇರುವಿಕೆಯ ಅನುಭವವೇ ಇಲ್ಲದ ಕತ್ತಲೆ ತುಂಬಿತ್ತು ಎಂದು ಆ ಪತ್ರಗಳಿಂದ ತಿಳಿಯಿತು. ಕೆಲವರು ಇದನ್ನು ಕಪಟವೆಂದು ಕರೆದರು. ನನಗೆ ಮಾತ್ರ ಅವರ ಮೇಲಿನ ಗೌರವ ಆಗಲೇ ನಿಜವಾದದ್ದು. ಏನೂ ಅನಿಸದೆ ಇದ್ದಾಗಲೂ ಅವರು ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಹೋದರು, ಸಾಯುತ್ತಿದ್ದವರ ಕೈ ಹಿಡಿದರು. 2016ರಲ್ಲಿ ಸಭೆ ಅವರನ್ನು ಸಂತರೆಂದು ಘೋಷಿಸಿದಾಗ ಆ ಕತ್ತಲೆ ಎಲ್ಲರಿಗೂ ತಿಳಿದೇ ಇತ್ತು.

ನನ್ನ ಪತಿಯ ಮರಣದ ನಂತರ ಒಂದು ವರ್ಷದವರೆಗೆ ಸ್ವಂತ ಮಾತುಗಳಲ್ಲಿ ಪ್ರಾರ್ಥಿಸಲು ನನಗೆ ಸಾಧ್ಯವಾಗಲಿಲ್ಲ. ಚಿಕ್ಕಂದಿನಲ್ಲಿ ಕಲಿತಿದ್ದ ಪ್ರಾರ್ಥನೆಗಳನ್ನು ಜಪಸರ ಹಿಡಿದು ಹೇಳುತ್ತಿದ್ದೆ. ಎಷ್ಟೋ ಸಾರಿ ಅರ್ಥದ ಕಡೆಗೆ ಗಮನವಿರುತ್ತಿರಲಿಲ್ಲ. ಬೇರೆಯವರು ಬರೆದಿಟ್ಟ ಮಾತುಗಳು ಆಗ ನನ್ನನ್ನು ಹೊತ್ತುಕೊಂಡು ಹೋದವು. ನಿಮ್ಮ ಸಭೆಯ ರೀತಿ ಬೇರೆ ಇರಬಹುದು ಸಹೋದರಿ, ಆದರೆ ಕರ್ತನು ಕಲಿಸಿದ ಪ್ರಾರ್ಥನೆ ನಮ್ಮೆಲ್ಲರದೂ ಹೌದು.

ಒಂಟಿ ಹಾದಿ:

ನನ್ನದು ಮರಣದ ದುಃಖವಲ್ಲ. ಕೆಲಸ ಹೋಯಿತು, ಸಾಲ ಬೆಳೆಯಿತು, ಕೊನೆಗೆ ರಾತ್ರಿ ನಿದ್ರೆಯೂ ಹಗಲು ಏಳುವ ಶಕ್ತಿಯೂ ಹೋದವು. ಇದು ಆತ್ಮಿಕ ಸೋಲು, ಇನ್ನೂ ಹೆಚ್ಚು ಪ್ರಾರ್ಥಿಸು ಎಂದು ಎಲ್ಲರೂ ಹೇಳಿದರು. ಒಬ್ಬ ಸ್ನೇಹಿತ ಮಾತ್ರ ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ನನಗೆ ಓದಿಸಿದ. ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಎದ್ದು ಊಟ ಮಾಡು ಎಂದ, ಮತ್ತೆ ಮಲಗಲು ಬಿಟ್ಟ, ಎರಡನೆಯ ಸಾರಿಯೂ ಊಟವನ್ನೇ ಕೊಟ್ಟ. ದೇವರ ಮೆಲ್ಲನೆಯ ದನಿ ಕೇಳಿಸಿದ್ದು ಅದೆಲ್ಲ ಆದ ಮೇಲೆ. ನಾನು ವೈದ್ಯರ ಬಳಿಗೆ ಹೋದೆ, ಅದು ಖಿನ್ನತೆ ಎಂದು ತಿಳಿಯಿತು, ಔಷಧಿ ತೆಗೆದುಕೊಂಡೆ. ಅದರಿಂದ ನನ್ನ ನಂಬಿಕೆ ಕಡಿಮೆಯಾಯಿತು ಎಂದು ನನಗೆ ಅನಿಸಿಲ್ಲ. ಸಹೋದರಿ, ನೀವೂ ಅಮ್ಮನೂ ಸರಿಯಾಗಿ ಊಟ, ನಿದ್ರೆ ಮಾಡುತ್ತಿದ್ದೀರಾ? ಬದುಕುವುದೇ ಬೇಡ ಎನ್ನುವ ಯೋಚನೆ ಯಾರಿಗಾದರೂ ಬರುತ್ತಿದ್ದರೆ ದಯವಿಟ್ಟು ತಡಮಾಡದೆ ವೈದ್ಯರನ್ನು ನೋಡಿ.

ಹಿಂದಿರುಗಿದವನು:

ನಾನು ಆರು ವರ್ಷ ಸಭೆಯಿಂದ ದೂರವಿದ್ದೆ. ಮರಳಿ ಬಂದಾಗ ನನ್ನ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಕ್ಕಿರಲಿಲ್ಲ, ಇಂದಿಗೂ ಸಿಕ್ಕಿಲ್ಲ. ಇದನ್ನು ಮೊದಲೇ ಹೇಳುತ್ತೇನೆ. ನನ್ನನ್ನು ಮರಳಿ ತಂದದ್ದು ಇಬ್ಬರು ಮನುಷ್ಯರು. ಅವರು ವಾದಿಸಲಿಲ್ಲ. ಪ್ರತಿ ವಾರ ಬಂದು ಕುಳಿತು, ನಾನು ಬೈದರೂ ಕೇಳಿಸಿಕೊಂಡು, ನಿನ್ನ ಪರವಾಗಿ ನಾವು ಪ್ರಾರ್ಥಿಸುತ್ತಿರುತ್ತೇವೆ, ನಿನಗೆ ಆಗದಿದ್ದರೆ ಬೇಡ ಎಂದು ಹೇಳಿ ಹೋಗುತ್ತಿದ್ದರು.

ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆಯನ್ನು ಬಿಚ್ಚಿ ಇಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ನೋಡಿದನು ಎಂದು ಅಲ್ಲಿದೆ. ಮಲಗಿದ್ದವನು ಆಗ ಏನು ನಂಬಿದ್ದನೋ ಮಾರ್ಕನು ಬರೆದಿಲ್ಲ. ಹೊತ್ತವರ ನಂಬಿಕೆ ಅಷ್ಟು ಹೊತ್ತಿಗೆ ಸಾಕಾಯಿತು. ಯೇಸುವನ್ನು ಅರಿಯೆನೆಂದು ಪೇತ್ರನು ಹೇಳುವುದಕ್ಕೆ ಮೊದಲೇ, ನಿನ್ನ ನಂಬಿಕೆ ಕುಂದಿಹೋಗದಂತೆ ನಿನಗಾಗಿ ಬೇಡಿಕೊಂಡಿದ್ದೇನೆ ಎಂದು ಯೇಸು ಅವನಿಗೆ ಹೇಳಿದ್ದೂ ಲೂಕನ ಸುವಾರ್ತೆಯ 22ನೆಯ ಅಧ್ಯಾಯದಲ್ಲಿದೆ. ನಂಬಿಕೆಯನ್ನು ನಾನು ಹಿಡಿದುಕೊಳ್ಳುವುದು ಹೇಗೆ ಎಂದು ನಾನು ವರ್ಷಗಟ್ಟಲೆ ತಲೆಕೆಡಿಸಿಕೊಂಡಿದ್ದೆ. ನನ್ನ ಕೈ ಬಿಟ್ಟುಹೋದ ಮೇಲೂ ನಾನು ಬೀಳದೆ ಉಳಿದದ್ದನ್ನು ಕಂಡಾಗ, ಹಿಡಿತ ನನ್ನ ಕಡೆಯದು ಮಾತ್ರವಾಗಿರಲಿಲ್ಲ ಎಂದು ತಿಳಿಯಿತು. ನಸುಕು ಅವರೇ, ನಿಮ್ಮ ಸಭೆಯಲ್ಲಿ ಅಂಥ ಇಬ್ಬರು ಇದ್ದಾರೆಯೇ? ಇದ್ದರೆ, ಈ ತಿಂಗಳು ನನಗೆ ಪ್ರಾರ್ಥಿಸಲಾಗುತ್ತಿಲ್ಲ, ನೀವು ನನ್ನ ಬದಲಾಗಿ ಮಾಡಿ ಎಂದು ಅವರಿಗೆ ನೇರವಾಗಿ ಹೇಳಿಬಿಡಿ.

ಸ್ಥಿರಹೆಜ್ಜೆ:

ನಾನು ಗುಣವಾದಾಗ ನನ್ನ ಪಕ್ಕದ ಹಾಸಿಗೆಯಲ್ಲಿದ್ದವರು ಉಳಿಯಲಿಲ್ಲ. ಅವರೂ ವಿಶ್ವಾಸಿಗಳೇ, ಅವರ ಮಗಳು ಪ್ರತಿದಿನ ಬಂದು ಪ್ರಾರ್ಥಿಸುತ್ತಿದ್ದಳು. ನನ್ನ ಸಾಕ್ಷಿಯನ್ನು ಹೇಳುವಾಗ ಇದುವರೆಗೆ ಒಂದು ಸಾರಿಯೂ ಅವರನ್ನು ನಾನು ನೆನೆದಿರಲಿಲ್ಲ ಎಂಬುದು ಇಲ್ಲಿನ ಮಾತುಗಳನ್ನು ಓದುವಾಗ ಅರಿವಾಯಿತು. ಸಹೋದರಿ, ನನ್ನ ಮೊದಲ ಬರಹದಿಂದ ನಿಮಗೆ ನೋವಾಗಿದ್ದರೆ ಕ್ಷಮಿಸಿ. ರೋಗಿಗಳು ಗುಣವಾಗಲೆಂದು ಪ್ರಾರ್ಥಿಸುವುದನ್ನು ನಾನು ಬಿಡುವುದಿಲ್ಲ. ಆದರೆ ಪ್ರಾರ್ಥಿಸಿ ಬಂದ ಮನೆಗೆ, ಫಲ ಏನೇ ಆದರೂ, ಮರುದಿನವೂ ಹೋಗುತ್ತೇನೆ.

ನಸುಕು:

ಎಲ್ಲವನ್ನೂ ಎರಡೆರಡು ಸಾರಿ ಓದಿದೆ. ಸ್ಥಿರಹೆಜ್ಜೆ ಅಣ್ಣನವರೇ, ಕ್ಷಮೆಯ ಅಗತ್ಯವಿಲ್ಲ. ನನ್ನ ತಮ್ಮ ಬದುಕಿದ್ದಾಗ ನಾನೂ ನಿಮ್ಮ ಹಾಗೆಯೇ ಮಾತನಾಡುತ್ತಿದ್ದೆ. ಒಂಟಿ ಹಾದಿಯವರು ಕೇಳಿದ್ದಕ್ಕೆ ಉತ್ತರ: ಅಮ್ಮನಿಗೆ ನಿದ್ರೆ ಬರುತ್ತಿಲ್ಲ. ಬರುವ ವಾರ ವೈದ್ಯರ ಬಳಿಗೆ ಕರೆದುಕೊಂಡು ಹೋಗುತ್ತಿದ್ದೇನೆ.

ನಿನ್ನೆ ರಾತ್ರಿ ಅಮ್ಮನಿಗೆ ರೋದೆಯ ಪ್ರಸಂಗವನ್ನು ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಯಾಕೋಬನ ತಾಯಿಗೂ ಯಾರಾದರೂ ಹೀಗೆ ಹೇಳಿರಬಹುದೇ ಎಂದು ಕೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ 88ನೆಯ ಕೀರ್ತನೆಯನ್ನು ನಾನು ಒಂದು ವಚನ, ಅವರು ಒಂದು ವಚನ ಎಂದು ಓದಿದೆವು. ಕೊನೆಯ ವಚನ ಅಮ್ಮನ ಪಾಲಿಗೆ ಬಂತು. ಓದಿ ಮುಗಿಸಿ ಪುಸ್ತಕವನ್ನು ಮುಚ್ಚದೆ ಹಾಗೆಯೇ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡರು. ಬೆಳಿಗ್ಗೆ ನೋಡಿದಾಗಲೂ ಅದೇ ಪುಟ ತೆರೆದಿತ್ತು. ಇಂದು ರಾತ್ರಿ ಮತ್ತೆ ಅದನ್ನೇ ಓದೋಣ ಎಂದಿದ್ದಾರೆ.